ಹುಬ್ಬಳ್ಳಿ, ಧಾರವಾಡ, ಬೆಟಗೇರಿಯವರ ಜೊತೆ ಯೆರೂಸಲೇಮಿಗೆ: ನನ್ನ ಅನುಭವ

2023ರ ಫೆಬ್ರವರಿಯಲ್ಲಿ ನಾವು 34 ಮಂದಿ ಜೋರ್ಡಾನ್ ಮತ್ತು ಇಸ್ರೇಲ್‌ಗೆ ಹೋಗಿ ಬಂದೆವು. ಹುಬ್ಬಳ್ಳಿ, ಧಾರವಾಡ, ಬೆಟಗೇರಿ ಮೂರೂ ಕಡೆಯ ಕ್ರೈಸ್ತ ಸಭೆಯವರು ಇದ್ದರು. ಅರ್ಧಕ್ಕಿಂತ ಜಾಸ್ತಿ ಮಂದಿಗೆ 60 ದಾಟಿತ್ತು. ಟಿಕೆಟ್, ಹೋಟೆಲ್, ಬಸ್ಸು ಇವನ್ನೆಲ್ಲ ಏಜೆನ್ಸಿಯವರು ನೋಡಿಕೊಂಡರು. ಮಂದಿಯನ್ನು ತಯಾರು ಮಾಡುವುದು, ಕರೆದುಕೊಂಡು ಹೋಗಿ ಮತ್ತೆ ಮನೆ ಮುಟ್ಟಿಸುವುದು ನನ್ನ ಮತ್ತು ನಮ್ಮ ಸಭಾಪಾಲಕರ (ಪಾದ್ರಿಗಳ) ಪಾಲಿಗೆ ಬಂತು. ನಾನು ನಿವೃತ್ತ ಶಾಲಾ ಶಿಕ್ಷಕಿ. ಇಂಥ ಕೆಲಸ ಹಿಂದೆ ಮಾಡಿರಲಿಲ್ಲ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಆಗಿನಿಂದ ನಮ್ಮ ಮನೆಗಳಲ್ಲಿ ಸತ್ಯವೇದದ (ಬೈಬಲ್‌ನ) ಊರುಗಳಾದ ಕಪೆರ್ನೌಮ್, ಯೆರಿಕೋ, ಬೆತ್ಲೆಹೇಮ್ ಅಂದರೆ ಪಕ್ಕದ ಊರಿನ ಹೆಸರಿನ ಹಾಗೆ. ಕಣ್ಣಾರೆ ನೋಡಿದವರು ಮಾತ್ರ ತೀರಾ ಕಡಿಮೆ.

ತಯಾರಿ ಶುರು ಮಾಡಿದ್ದು 14 ತಿಂಗಳ ಮೊದಲು. ಬೇಗ ಆಯಿತು ಅಂತ ಆಗ ಕೆಲವರು ಅಂದರು. ಆದರೆ ಪಾಸ್‌ಪೋರ್ಟ್ ಕೆಲಸವೇ ಐದು ತಿಂಗಳು ತಿಂದಿತು. ನಮ್ಮ ಹಿರಿಯ ಹೆಣ್ಣುಮಕ್ಕಳ ಹೆಸರು ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಸರ್ಟಿಫಿಕೇಟಿನಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಶಾಲೆಯ ದಾಖಲೆಯಲ್ಲಿ ಮತ್ತೊಂದು. ಕೆಲವರಿಗೆ ಅಡ್ಡಹೆಸರೇ ಇಲ್ಲ. ಮೊದಲು ಆಧಾರ್ ಸರಿ ಮಾಡಿಸಿ, ಆಮೇಲೆ ಪಾಸ್‌ಪೋರ್ಟಿಗೆ ಅರ್ಜಿ ಹಾಕಿಸಿದೆ. ಪಾಸ್‌ಪೋರ್ಟ್ ಇದ್ದವರದ್ದೂ ಅವಧಿ ನೋಡಲೇಬೇಕು. ಪ್ರಯಾಣದ ದಿನದಿಂದ ಕನಿಷ್ಠ 6 ತಿಂಗಳು ಬಾಕಿ ಇರಬೇಕು. ಇಬ್ಬರದ್ದು ಇರಲಿಲ್ಲ, ಹೊಸದಾಗಿ ಮಾಡಿಸಿದೆವು. ದುಡ್ಡಿಗೆ ತಿಂಗಳು ತಿಂಗಳು ಬ್ಯಾಂಕಿನಲ್ಲಿ ಕಟ್ಟುತ್ತಾ ಹೋದೆವು. ತಲಾ ಒಂದು ಲಕ್ಷ ದಾಟಿತು.

ಎರಡನೆಯ ತಯಾರಿ ಕಾಲಿನದು. ಶನಿವಾರ ಬೆಳಿಗ್ಗೆ ಹುಬ್ಬಳ್ಳಿಯ ನೃಪತುಂಗ ಬೆಟ್ಟ ಹತ್ತಿ ಇಳಿಯುತ್ತಿದ್ದೆವು. ಬೆಟಗೇರಿಯವರು ತಮ್ಮ ಊರಲ್ಲೇ ನಡೆದರು. ಹತ್ತುವುದಕ್ಕಿಂತ ಇಳಿಯುವುದನ್ನು ಜಾಸ್ತಿ ಮಾಡಿಸಿದೆ. ಯೆರೂಸಲೇಮಿನ ಎಣ್ಣೇಮರಗಳ ಗುಡ್ಡದಿಂದ ಗೆತ್ಸೇಮನೆ ತೋಟಕ್ಕೆ ಬರುವ ದಾರಿ ಕಡಿದಾದ ಇಳಿಜಾರು, ಮಂಡಿ ಹಿಡಿಯುವುದೇ ಅಲ್ಲಿ. ಬೂಟಿನ ವಿಷಯದಲ್ಲಿ ನಾನು ಹಟ ಹಿಡಿದೆ. ಸೀರೆಯ ಮೇಲೆ ಬೂಟು ಹಾಕಲು ನಮ್ಮವರಿಗೆ ಸಂಕೋಚ. ಆದರೆ ಹಳೇ ಯೆರೂಸಲೇಮಿನ ಕಲ್ಲುಹಾಸು ಜನ ತುಳಿದು ತುಳಿದು ಗಾಜಿನ ಹಾಗೆ ನುಣುಪಾಗಿದೆ. ನಾವು ಹೋದಾಗ ಮಳೆ ಬೇರೆ. ಚಪ್ಪಲಿಯಲ್ಲಿ ಹೋಗಿದ್ದರೆ ಯಾರಾದರೂ ಕಾಲು ಮುರಿದುಕೊಳ್ಳುತ್ತಿದ್ದರು. ಚಳಿಯ ಬಗ್ಗೆಯೂ ಹೇಳಬೇಕು. ಮರುಭೂಮಿ ಅಂದುಕೊಂಡು ತೆಳು ಬಟ್ಟೆ ತರುವವರೇ ಜಾಸ್ತಿ. ಯೆರೂಸಲೇಮು ಹೆಚ್ಚುಕಡಿಮೆ ನಮ್ಮ ಧಾರವಾಡದಷ್ಟೇ ಎತ್ತರದಲ್ಲಿದೆ, ಫೆಬ್ರವರಿಯ ಚಳಿ ಮಾತ್ರ ನಮ್ಮದಕ್ಕಿಂತ ಬಹಳ ಗಟ್ಟಿ. ಸ್ವೆಟರ್ ಬೇಕೇ ಬೇಕು.

ಮೂರನೆಯದು ಓದು. ಇದೇ ನನಗೆ ಎಲ್ಲಕ್ಕಿಂತ ಮುಖ್ಯ. ಪ್ರತಿ ಜಾಗಕ್ಕೆ ಸತ್ಯವೇದದ ಒಂದೇ ಭಾಗ ಆರಿಸಿ, ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ, ಚಿಕ್ಕ ಪುಸ್ತಕ ಮಾಡಿಸಿದೆವು. ಯಾವ ಜಾಗದಲ್ಲಿ ಯಾರು ಓದಬೇಕು ಅಂತ ಮೊದಲೇ ಗೊತ್ತು ಮಾಡಿದ್ದೆ. ಬಸ್ಸಿನಿಂದ ಇಳಿದ ಮೇಲೆ ಮೊದಲು ನಮ್ಮವರು ಕನ್ನಡದಲ್ಲಿ ಓದಬೇಕು. ಗೈಡ್ ಇಂಗ್ಲಿಷಿನಲ್ಲಿ ಮಾತಾಡುವುದು, ನಾನು ಅದನ್ನು ಕನ್ನಡದಲ್ಲಿ ಹೇಳುವುದು ಆಮೇಲೆ.

ಯೇಸು ಬೆಳೆದು ಬೋಧಿಸಿದ ಗಲಿಲಾಯ ಸೀಮೆಯಲ್ಲಿ ಮೊದಲ ದಿನ ಮಾತ್ರ ನನ್ನಿಂದ ತಪ್ಪಾಯಿತು. ಕಾನಾ, ನಜರೇತ್, ಅಷ್ಟಭಾಗ್ಯದ ಗುಡ್ಡ, ತಾಬ್ಘಾ, ಕಪೆರ್ನೌಮ್ ಎಲ್ಲ ಒಂದೇ ದಿನಕ್ಕೆ ಹಾಕಿದ್ದೆ. ಅಲ್ಲಿನ ಕೆಲವು ಚರ್ಚುಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ. ಹಾಗಾಗಿ ಬೆಳಿಗ್ಗೆಯೆಲ್ಲ ಓಟ. ಎರಡು ಕಡೆ ಓದುವುದೇ ಬಿಟ್ಟುಹೋಯಿತು. ರಾತ್ರಿ ಊಟಕ್ಕೆ ಕೂತಾಗ ಬೆಟಗೇರಿಯ ಅಜ್ಜಿಯೊಬ್ಬರು ನನ್ನ ಕೈ ಹಿಡಿದು, "ಅಕ್ಕೋರ, ಇವತ್ತ ಎಲ್ಲೆಲ್ಲಿ ಹೋಗಿದ್ವಿ ಅಂತ ನೆನಪ ಆಗವಲ್ದ್ರಿ" ಅಂದರು. ಆ ರಾತ್ರಿಯೇ ಸಭಾಪಾಲಕರ ಜೊತೆ ಕೂತು ಮುಂದಿನ ದಿನಗಳಿಂದ ಆರು ಜಾಗ ತೆಗೆದುಹಾಕಿದೆ. ಗೈಡ್‌ಗೆ ಆಶ್ಚರ್ಯ ಆಯಿತು. ನಮ್ಮವರಲ್ಲಿ ಒಬ್ಬರೂ ಬೇಸರ ಮಾಡಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಗಲಿಲಾಯ ಸಮುದ್ರದಲ್ಲಿ ದೋಣಿ. ಅದನ್ನು ಸಮುದ್ರ ಅಂತ ಕರೆದರೂ ಅದು ಸಿಹಿನೀರಿನ ಕೆರೆ, ಉದ್ದ ಸುಮಾರು 21 ಕಿಲೋಮೀಟರ್, ಅಗಲ 13. ಸಮುದ್ರಮಟ್ಟಕ್ಕಿಂತ 200 ಮೀಟರಿಗೂ ಕೆಳಗಿದೆ. ಸುತ್ತಲಿನ ಗುಡ್ಡಗಳಿಂದ ತಣ್ಣನೆಯ ಗಾಳಿ ಒಮ್ಮೆಲೇ ಕೆಳಗೆ ನುಗ್ಗುತ್ತದೆ, ಬಿರುಗಾಳಿ ಏಳುವುದು ಹಾಗೆ. ನಡು ನೀರಿನಲ್ಲಿ ಎಂಜಿನ್ ನಿಲ್ಲಿಸಲು ಕೇಳಿಕೊಂಡೆವು. ಹುಬ್ಬಳ್ಳಿಯ ನಿವೃತ್ತ ರೈಲ್ವೆ ನೌಕರರೊಬ್ಬರು ಮಾರ್ಕನ 4ನೇ ಅಧ್ಯಾಯ ಓದಿದರು, ಯೇಸು ಗಾಳಿಯನ್ನು ಗದರಿಸಿದ ಭಾಗ. ಓದಿ ಮುಗಿದ ಮೇಲೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

"ಇದು ಖರೇನ ಆ ಜಾಗಾ ಏನ್ರಿ?" ಈ ಪ್ರಶ್ನೆ ಎಲ್ಲ ಕಡೆ ಬಂತು. ಇದಕ್ಕೆ ಸುಮ್ನೆ ಹೌದು ಅನ್ನಬಾರದು ಅಂತ ಮೊದಲೇ ನಿರ್ಧರಿಸಿದ್ದೆ. ಕೆರೆ ಖರೇ. ಕಪೆರ್ನೌಮ್ ಖರೇ. ಅಲ್ಲಿ ಈಗ ಕಾಣುವ ಯೆಹೂದ್ಯರ ಬಿಳಿ ಕಲ್ಲಿನ ಸಭಾಮಂದಿರ ಯೇಸುವಿನ ಕಾಲಕ್ಕಿಂತ ಕೆಲವು ಶತಮಾನ ಈಚಿನದು, ಅದರ ಕೆಳಗಿರುವ ಕಪ್ಪು ಕಲ್ಲು ಇನ್ನೂ ಹಳೆಯದು. ಯೆರಿಕೋದಲ್ಲಿ ತೋರಿಸುವ ಅತ್ತಿಜಾತಿಯ ಮರ, ಯೇಸುವನ್ನು ನೋಡಲು ಮರ ಹತ್ತಿದ ಜಕ್ಕಾಯನನ್ನು ನೆನಪಿಸುವ ಮರ ಅಷ್ಟೇ. ಹೀಗೆ ಬಿಡಿಸಿ ಹೇಳಿದರೆ ಯಾರ ನಂಬಿಕೆಯೂ ಕಡಿಮೆ ಆಗಲಿಲ್ಲ.

ಯೊರ್ದನ್ ಹೊಳೆ ನೋಡಿ ಎಲ್ಲರೂ ದಂಗಾದರು. ಮಲಪ್ರಭೆಯಷ್ಟಾದರೂ ಇರುತ್ತದೆ ಅಂದುಕೊಂಡಿದ್ದೆವು. ಯೇಸುವಿನ ದೀಕ್ಷಾಸ್ನಾನ ಆಯಿತು ಅನ್ನುವ ಜಾಗದಲ್ಲಿ ಅದು ಬೇಸಿಗೆಯ ಬೆಣ್ಣಿಹಳ್ಳದ ಹಾಗಿತ್ತು. ಮಣ್ಣಿನ ಬಣ್ಣದ ನೀರು. ಆಚೆ ದಡದವರ ಮಾತು ಈಚೆ ಕೇಳಿಸುತ್ತದೆ, ಆದರೆ ಆಚೆ ದಡ ಬೇರೆ ದೇಶ. ಮೇಲಿನ ದೇಶಗಳವರು ಕುಡಿಯಲು, ಹೊಲಕ್ಕೆ ನೀರು ತಿರುಗಿಸಿಕೊಂಡಿದ್ದಾರೆ. ಹೊಳೆ ಬಡಕಲಾಗುವ ಸಂಕಟ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಬೆತ್ಲೆಹೇಮಿನ ಜನನ ದೇವಾಲಯದ ಬಾಗಿಲು ನಾಲ್ಕು ಅಡಿಯಷ್ಟೇ ಎತ್ತರ. ಎಲ್ಲರೂ ಬಗ್ಗಲೇಬೇಕು. ಬೆಟಗೇರಿಯ ಅಜ್ಜಿಗೆ ಬಗ್ಗಬೇಕಾಗಲಿಲ್ಲ, ಅವರ ಬೆನ್ನು ಮೊದಲೇ ಬಾಗಿತ್ತು. ಸಲೀಸಾಗಿ ಒಳಗೆ ಹೋಗಿ, ಹಿಂತಿರುಗಿ ನಮಗೆಲ್ಲ ಆಸರೆಗೆ ಕೈ ಚಾಚಿದರು.

ಯೆರೂಸಲೇಮಿನಲ್ಲಿ ಒಂದು ಗಾಬರಿ. ಯೇಸು ಶಿಲುಬೆ ಹೊತ್ತು ನಡೆದರು ಅನ್ನುವ ಶಿಲುಬೆಯ ದಾರಿ ಹೋಗುವುದು ಅಂಗಡಿ ಸಾಲಿನ ನಡುವೆ. ಆ ಜನಸಂದಣಿಯಲ್ಲಿ ನಮ್ಮ ಹಿರಿಯರೊಬ್ಬರು ತಪ್ಪಿಸಿಕೊಂಡರು. ನಲವತ್ತು ನಿಮಿಷ ನನ್ನ ಜೀವ ಬಾಯಿಗೆ ಬಂದಿತ್ತು. ಅವರ ಜೇಬಿನಲ್ಲಿ ಹೋಟೆಲ್ ಹೆಸರು, ಗೈಡ್ ನಂಬರ್ ಬರೆದ ಚೀಟಿ ಇತ್ತು. ಅದನ್ನು ನೋಡಿ ಅಂಗಡಿಯವರೊಬ್ಬರು ಫೋನ್ ಮಾಡಿದರು, ಅವರಿಗೆ ಚಹಾ ಕುಡಿಸಿ ಕೂರಿಸಿಕೊಂಡಿದ್ದರು. ಅಲ್ಲಿಂದ ಇಬ್ಬಿಬ್ಬರ ಜೋಡಿ ಮಾಡಿದೆ. ಜೋಡಿ ಕಾಣದಿದ್ದರೆ ಕೂಡಲೇ ಕೂಗಬೇಕು. ಇದನ್ನು ಮೊದಲ ದಿನವೇ ಮಾಡಬೇಕಿತ್ತು.

ಸಂತ ಅನ್ನಮ್ಮನ ಚರ್ಚನ್ನು ಮಾತ್ರ ಯಾರೂ ಬಿಡಬೇಡಿ. 12ನೇ ಶತಮಾನದ್ದು, ಬೇಥೆಸ್ದ ಕೊಳದ ಪಕ್ಕದಲ್ಲೇ ಇದೆ. ಅಲ್ಲಿ ಹಾಡಿದ ಸ್ವರ ಕಲ್ಲಿನ ಕಮಾನಿಗೆ ತಾಗಿ ಸುತ್ತುತ್ತಾ ಇರುತ್ತದೆ. ನಾವು ಹೊರಗೆ ಕೊಳದ ಹತ್ತಿರ 38 ವರ್ಷ ಕಾಯಿಲೆ ಬಿದ್ದವನ ಕಥೆ ಓದಿ, ಒಳಗೆ ಹೋಗಿ ಕನ್ನಡ ಕೀರ್ತನೆ ಎತ್ತಿಕೊಂಡೆವು. ಮೊದಲ ಸಾಲಿಗೇ ನಮ್ಮ 34 ದನಿ ಮುನ್ನೂರರ ಹಾಗೆ ಕೇಳಿತು. ಬೇರೆ ದೇಶದ ಒಂದು ಗುಂಪು ಸರದಿಗೆ ಕಾಯುತ್ತಿತ್ತು. ಅವರು ಕೂತು ಪೂರ್ತಿ ಕೇಳಿದರು. ನನ್ನ ಪಕ್ಕದಲ್ಲಿದ್ದವರು ಅದರ ಹಿಂದಿನ ವರ್ಷ ಗಂಡನನ್ನು ಕಳೆದುಕೊಂಡವರು, ಅವರಿಗೆ ಎರಡನೇ ಚರಣ ಹಾಡಲಾಗಲಿಲ್ಲ. ನಾನೂ ನಿಲ್ಲಿಸಿ ಅವರ ಕೈ ಹಿಡಿದುಕೊಂಡೆ.

ಕೊನೆಯ ದಿನ, ಯೇಸುವಿನ ಸಮಾಧಿ ಅಂತ ಕೆಲವರು ನಂಬುವ ತೋಟದ ಸಮಾಧಿಯಲ್ಲಿ ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸದ ಆರಾಧನೆ). ಗುಂಪುಗಳಿಗೆ ಅಲ್ಲಿ ಸಮಯ ಕೊಡುತ್ತಾರೆ, ಮೊದಲೇ ಬರೆದು ಕೇಳಬೇಕು.

2023ರ ಅಕ್ಟೋಬರ್‌ನಲ್ಲಿ ಅಲ್ಲಿ ಯುದ್ಧ ಶುರುವಾಯಿತು. ಆ ಗೈಡ್, ಬಸ್ಸಿನ ಡ್ರೈವರ್, ಚಹಾ ಕೊಟ್ಟ ಅಂಗಡಿಯವರು ಎಲ್ಲರನ್ನೂ ಹೆಸರು ಹಿಡಿದು ನಮ್ಮ ಕೂಟದಲ್ಲಿ ಪ್ರಾರ್ಥಿಸುತ್ತೇವೆ. ಮುಂದಿನ ಗುಂಪಿಗೆ 19 ಮಂದಿ ಹೆಸರು ಕೊಟ್ಟಿದ್ದಾರೆ. ಅವರ ಆಧಾರ್ ತಿದ್ದುಪಡಿ ನಡೆದಿದೆ. ಶನಿವಾರ ಬೆಳಿಗ್ಗೆ ನೃಪತುಂಗ ಬೆಟ್ಟಕ್ಕೂ ಬರುತ್ತಾರೆ, ಬೂಟು ಹಾಕಿಕೊಂಡು.