‘ಆಕ್ಟಿವ್’ ಎಂದು ತೋರಿಸಿದರೆ ಸಾಲದು: ಹಿನ್ನೆಲೆ ಸೇವೆಯೊಂದರ ಮೇಲೆ ನಿಗಾ ಇಟ್ಟ ಬಗೆ

ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪುಟಗಳನ್ನು ಯುನಿಕೋಡ್ ಪಠ್ಯವಾಗಿಸುವ ಕೆಲಸಕ್ಕೆ ನಾನು ಮನೆಯ ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಕಂಪ್ಯೂಟರನ್ನು ಬಳಸುತ್ತೇನೆ. ಗೊತ್ತುಪಡಿಸಿದ ಫೋಲ್ಡರಿಗೆ ಚಿತ್ರವೊಂದು ಬಂದರೆ, ಪೈಥಾನಿನಲ್ಲಿ ಬರೆದ ಚಿಕ್ಕ ಪ್ರೋಗ್ರಾಂ ಅದನ್ನು ಕನ್ನಡ ದತ್ತಾಂಶ ಅಳವಡಿಸಿದ ಟೆಸೆರಾಕ್ಟ್ ಎಂಬ, ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸುವ ತಂತ್ರಾಂಶಕ್ಕೆ ಕೊಟ್ಟು, ದೊರೆತ ಪಠ್ಯವನ್ನು ಉಳಿಸುತ್ತದೆ. ಟರ್ಮಿನಲ್ ಮುಚ್ಚಿದರೂ ಕಂಪ್ಯೂಟರ್ ಮತ್ತೆ ಶುರುವಾದರೂ ಈ ಕೆಲಸ ತಾನಾಗಿ ನಡೆಯಬೇಕಿದ್ದುದರಿಂದ ಅದನ್ನು ಸಿಸ್ಟಮ್‌ಡಿ ಸೇವೆಯಾಗಿ, ಅಂದರೆ ಲಿನಕ್ಸ್‌ನಲ್ಲಿ ಹಿನ್ನೆಲೆ ಪ್ರೋಗ್ರಾಂಗಳನ್ನು ಶುರುಮಾಡಿ ನೋಡಿಕೊಳ್ಳುವ ವ್ಯವಸ್ಥೆಯ ಕೈಗೆ ಕೊಟ್ಟ ಕೆಲಸವಾಗಿ ರೂಪಿಸಿದೆ.

ಇಂಥ ಸ್ವಂತ ಕೆಲಸಕ್ಕೆ ರೂಟ್ (ಆಡಳಿತಗಾರನ) ಅಧಿಕಾರ ಬೇಕಿಲ್ಲ. ಬಳಕೆದಾರನ ಮಟ್ಟದ ಸೇವೆಯಾಗಿ ಯೂನಿಟ್ ಫೈಲನ್ನು (ಸೇವೆಯ ವಿವರ ಬರೆದ ಕಡತ) ಹೋಮ್ ಡೈರೆಕ್ಟರಿಯೊಳಗೇ ಇಟ್ಟು, ಲಾಗಿನ್ ಆಗದಿದ್ದಾಗಲೂ ಅದು ನಡೆಯುವಂತೆ ‘ಲಾಗಿನ್‌ಸಿಟಿಎಲ್ ಎನೇಬಲ್-ಲಿಂಗರ್’ ಆದೇಶ ಕೊಟ್ಟರಾಯಿತು. ಸಿಸ್ಟಮ್‌ಡಿ ಟರ್ಮಿನಲ್‌ನಲ್ಲಿ ಆದೇಶಗಳನ್ನು ನಡೆಸುವ ಬ್ಯಾಶ್‌ನ ನಮ್ಮ ಸಂರಚನೆಯನ್ನು ಓದುವುದಿಲ್ಲವಾದ್ದರಿಂದ ಎಲ್ಲ ಪಾತ್‌ಗಳನ್ನೂ (ಫೈಲುಗಳ ವಿಳಾಸ) ಪೂರ್ತಿಯಾಗಿ ಬರೆದೆ. ಪೈಥಾನ್ ತನ್ನ ಔಟ್‌ಪುಟ್ಟನ್ನು ಬಫರಿನಲ್ಲಿ ಕೂಡಿಟ್ಟುಕೊಳ್ಳದೆ ಆಗಿಂದಾಗಲೇ ಸಿಸ್ಟಮ್‌ಡಿಯ ದಾಖಲೆಯಾದ ಜರ್ನಲ್‌ಗೆ ಕಳುಹಿಸುವಂತೆ ‘ಪೈಥಾನ್‌ಅನ್‌ಬಫರ್ಡ್’ ವೇರಿಯಬಲ್ಲನ್ನು ಸೇರಿಸಿದೆ. ಟೆಸೆರಾಕ್ಟ್ ಒಂದೇ ಪುಟಕ್ಕೆ 4 ಥ್ರೆಡ್‌ಗಳವರೆಗೆ (ಒಟ್ಟಿಗೆ ನಡೆಯುವ ಕೆಲಸದ ಎಳೆಗಳು) ಬಳಸಬಲ್ಲದು. ಅದನ್ನು ಒಂದಕ್ಕೆ ಇಳಿಸಿ, ನೈಸ್ ಮೌಲ್ಯವನ್ನು (ಇದು ಹೆಚ್ಚಿದಷ್ಟೂ ಕೆಲಸದ ಆದ್ಯತೆ ಕಡಿಮೆ) 10ಕ್ಕೆ ಏರಿಸಿದ ಮೇಲೆ ಉಳಿದ ಕೆಲಸಗಳಿಗೆ ಅಡಚಣೆಯಾಗಲಿಲ್ಲ.

ಇಷ್ಟು ಸುಲಭ. ಹೆಚ್ಚು ಯೋಚಿಸಬೇಕಾದದ್ದು ನಿಗಾ ಇಡುವ ವಿಷಯದಲ್ಲಿ. ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್’ ಆದೇಶ ಹಸಿರು ಬಣ್ಣದಲ್ಲಿ ‘ಆಕ್ಟಿವ್’ ಎಂದು ತೋರಿಸಿದರೆ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ) ಬದುಕಿದೆ ಎಂದಷ್ಟೇ ಅರ್ಥ; ಅದು ದೋಷವಿರುವ ಚಿತ್ರವೊಂದರಲ್ಲಿ ಸಿಕ್ಕಿಕೊಂಡು ಸುಮ್ಮನೆ ಕುಳಿತಿದ್ದರೂ ಬಣ್ಣ ಹಸಿರಾಗಿಯೇ ಇರುತ್ತದೆ. ಆದ್ದರಿಂದ ಸೇವೆಯ ಬಗೆಯನ್ನು ‘ನೋಟಿಫೈ’ (ಪ್ರೋಗ್ರಾಂ ತನ್ನ ಸ್ಥಿತಿಯನ್ನು ತಾನೇ ತಿಳಿಸುವ ಬಗೆ) ಎಂದು ಮಾಡಿ, ವಾಚ್‌ಡಾಗ್ ಅವಧಿಯನ್ನು 5 ನಿಮಿಷಕ್ಕೆ ನಿಗದಿಪಡಿಸಿದೆ. ಆ ಅವಧಿಯೊಳಗೆ ಪ್ರೋಗ್ರಾಂನಿಂದ ಸಂದೇಶ ಬಾರದಿದ್ದರೆ ಸಿಸ್ಟಮ್‌ಡಿ ಅದನ್ನು ನಿಲ್ಲಿಸಿ, ವೈಫಲ್ಯವೆಂದು ಪರಿಗಣಿಸುತ್ತದೆ. ಈ ಸಂದೇಶವನ್ನು ಎಲ್ಲಿಂದ ಕಳುಹಿಸುತ್ತೇವೆ ಎಂಬುದು ಬಹಳ ಮುಖ್ಯ. ಪ್ರತ್ಯೇಕ ಥ್ರೆಡ್‌ನಿಂದ ಕಳುಹಿಸಿದರೆ ಮುಖ್ಯ ಕೆಲಸ ನಿಂತುಹೋದ ಮೇಲೂ ಸಂದೇಶ ಹೋಗುತ್ತಲೇ ಇರುತ್ತದೆ. ಹಾಗಾಗಿ ಒಂದು ಪುಟ ಮುಗಿದಾಗ ಅಥವಾ ಫೋಲ್ಡರ್ ಖಾಲಿಯಿದೆಯೆಂದು ಖಚಿತವಾದಾಗ ಮಾತ್ರ, ಮುಖ್ಯ ಲೂಪ್‌ನಿಂದಲೇ ಅದು ಹೊರಡುವಂತೆ ಬರೆದಿದ್ದೇನೆ.

ಮರುಚಾಲನೆಯ ನಿಯಮಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ‘ರೀಸ್ಟಾರ್ಟ್’ ನಿಯಮವನ್ನು ‘ಆನ್-ಫೇಲ್ಯೂರ್’ (ವಿಫಲವಾದಾಗ ಮತ್ತೆ ಶುರುಮಾಡು) ಎಂದಿಟ್ಟರೆ, ಮರುಚಾಲನೆಗಳು ಮಿತಿಯನ್ನು ತಲುಪಿದ ನಂತರವೇ ಸೇವೆ ‘ಫೇಲ್ಡ್’ ಸ್ಥಿತಿಗೆ ಹೋಗುತ್ತದೆ. ಬೇರೆಯದೇ ಆದ ‘ಆನ್‌ಫೇಲ್ಯೂರ್’ ಸಾಲಿನ ಮೂಲಕ ಜೋಡಿಸಿದ ಎಚ್ಚರಿಕೆಯ ಯೂನಿಟ್ ಓಡುವುದೂ ಆಗಲೇ. ಸಿಸ್ಟಮ್‌ಡಿಯಲ್ಲಿ ಮೊದಲೇ ಇರುವ ಮಿತಿ 10 ಸೆಕೆಂಡಿಗೆ 5 ಚಾಲನೆಗಳು. ಮರುಚಾಲನೆಗಳ ನಡುವೆ ನಾನು 30 ಸೆಕೆಂಡ್ ಬಿಡುವು ಕೊಟ್ಟಿರುವುದರಿಂದ ಆ ಮಿತಿ ಎಂದಿಗೂ ತುಂಬುವುದಿಲ್ಲ; ಸೇವೆ ಸದ್ದಿಲ್ಲದೆ ಬೀಳುತ್ತಾ ಏಳುತ್ತಾ ಇರುತ್ತದೆ, ಎಚ್ಚರಿಕೆ ಮಾತ್ರ ಬರುವುದಿಲ್ಲ. ವಾಚ್‌ಡಾಗ್‌ನ 5 ನಿಮಿಷ ಮತ್ತು ಈ ಬಿಡುವು ಸೇರಿ ಒಂದು ಸುತ್ತಿಗೆ ಐದೂವರೆ ನಿಮಿಷ ಹಿಡಿಯುತ್ತದೆ ಎಂದು ಲೆಕ್ಕ ಹಾಕಿ, ಮಿತಿಯನ್ನು ಒಂದು ಗಂಟೆಗೆ 5 ಚಾಲನೆಗಳು ಎಂದು ಬದಲಿಸಿದೆ. ಮಿತಿಯ ಈ ಸಾಲುಗಳು ಯೂನಿಟ್ ಫೈಲಿನ ‘ಸರ್ವಿಸ್’ ವಿಭಾಗದಲ್ಲಲ್ಲ, ‘ಯೂನಿಟ್’ ವಿಭಾಗದಲ್ಲಿ ಇರಬೇಕು.

ವ್ಯವಸ್ಥೆಯನ್ನು ನಂಬುವ ಮೊದಲು ಅದನ್ನು ಬೇಕೆಂದೇ ಕೆಡಿಸಿ ನೋಡುವುದು ಅಗತ್ಯವೆಂದು ನಾನು ದೃಢವಾಗಿ ಭಾವಿಸುತ್ತೇನೆ. ‘ಸಿಸ್ಟಮ್‌ಸಿಟಿಎಲ್ ಕಿಲ್’ ಮೂಲಕ ಸೇವೆಗೆ ಸಿಗ್‌ಸ್ಟಾಪ್ ಸಂಕೇತ ಕಳುಹಿಸಿದರೆ ಪ್ರೊಸೆಸ್ ಸಾಯದೆ ಸ್ತಬ್ಧವಾಗುತ್ತದೆ. ಇನ್ನೊಂದು ಕಿಟಕಿಯಲ್ಲಿ ‘ಜರ್ನಲ್‌ಸಿಟಿಎಲ್’ ತೆರೆದು ಕಾದೆ. ವಾಚ್‌ಡಾಗ್ ಅವಧಿ ಮೀರಿದೆ ಎಂಬ ಸಾಲು ಮೂಡಿತು, 30 ಸೆಕೆಂಡ್ ಬಿಡುವಿನ ನಂತರ ಸೇವೆ ಹೊಸ ಪ್ರೊಸೆಸ್ ಸಂಖ್ಯೆಯೊಂದಿಗೆ ಎದ್ದಿತು. ‘ಸಿಸ್ಟಮ್‌ಸಿಟಿಎಲ್ ಶೋ’ ಕೊಡುವ ‘ಎನ್‌ರೀಸ್ಟಾರ್ಟ್ಸ್’ ಎಂಬ ಎಣಿಕೆಯೂ ಒಂದು ಹೆಚ್ಚಾಗಿತ್ತು. ಈಗಲೂ ದೊಡ್ಡ ಪುಸ್ತಕವೊಂದರ ಪುಟಗಳು ಮುಗಿದಾಗ ಮೊದಲು ನೋಡುವುದು ಆ ಎಣಿಕೆಯನ್ನೇ. ಅದು ಏರಿದ್ದರೆ ಯಾವ ಚಿತ್ರದ ಬಳಿ ಕೆಲಸ ನಿಂತಿತ್ತೆಂದು ಜರ್ನಲ್‌ನಲ್ಲಿ ಹುಡುಕಿ, ಆ ಪುಟವನ್ನು ಮತ್ತೆ ಸ್ಕ್ಯಾನ್ ಮಾಡುತ್ತೇನೆ.