ಗಿರಾಕಿಗೆ ಎಂಡ್ಯೂರೆನ್ಸ್ ರೇಸ್ ಕಾರು ಕಟ್ಟೋದು ಹೇಗೆ?

ಸಾಗರ ರಸ್ತೆಯ ನಮ್ಮ ವರ್ಕ್‌ಶಾಪಿಗೆ ಕಾಲೇಜು ಹುಡುಗರು ಎಂಡ್ಯೂರೆನ್ಸ್ ರೇಸಿನ, ಅಂದರೆ ಗಂಟೆಗಟ್ಟಲೆ ನಡೆಯೋ ರೇಸಿನ ಕಾರಿನ ಡ್ರಾಯಿಂಗ್ ಹಿಡಿದು ಬರುತ್ತಾರೆ. ಎಲ್ಲರೂ ಇಂಜಿನ್‌ನಿಂದಲೇ ಶುರು ಮಾಡಿರುತ್ತಾರೆ. ಕಾರು ಓಡಿಸೋದು ಯಾರು, ನಡುರಾತ್ರಿ ರಿಪೇರಿ ಮಾಡೋದು ಯಾರು? ಮೊದಲು ಅದನ್ನು ಬರೆದುಕೊಳ್ಳಿ. ಫ್ರಾನ್ಸಿನ ಲೆ ಮಾನ್ಸ್ 24 ಗಂಟೆ ರೇಸಿನಲ್ಲಿ ಎಲ್‌ಎಂಜಿಟಿ3 ಅನ್ನೋ, ರಸ್ತೆಯ ಸ್ಪೋರ್ಟ್ಸ್ ಕಾರುಗಳಿಂದ ಮಾಡಿದ ರೇಸ್ ಕಾರುಗಳ ವಿಭಾಗದಲ್ಲಿ ಪ್ರತಿ ಕಾರಿಗೂ ಒಬ್ಬ ಬ್ರಾಂಜ್ ದರ್ಜೆಯ ಚಾಲಕ ಇರಲೇಬೇಕು. ಬ್ರಾಂಜ್ ಅಂದರೆ ಹವ್ಯಾಸಿ ಚಾಲಕರ ದರ್ಜೆ; ರೇಸಿಂಗ್ ಅವರ ಹೊಟ್ಟೆಪಾಡಲ್ಲ, ಆಸೆ. ಒಂದು ಸುತ್ತಿನ ವೇಗ ಸ್ವಲ್ಪ ಕಮ್ಮಿಯಾದರೂ ಪರವಾಗಿಲ್ಲ, ಸುಸ್ತಾದ ಕೈಗೂ ಕಾರು ಹದವಾಗಿ ಸಿಗಬೇಕು.

ನಡುರಾತ್ರಿಯ ರಿಪೇರಿ ಬೇಗ ಮುಗಿಯಬೇಕಾದರೆ ಬಂಪರ್, ಹೆಡ್‌ಲೈಟ್ ಎಲ್ಲ ಒಂದೇ ಸಲಕ್ಕೆ ಕಳಚಿ ಬರಲಿ. ಬೋಲ್ಟ್ ಅಳತೆ ಎರಡು ಮೂರು ಸಾಕು.

ವೈರಿಂಗ್‌ಗೆ ಮಾತ್ರ ಜಾಸ್ತಿ ಸಮಯ ಕೊಡಿ. ಒಂದು ಜುಲೈನಲ್ಲಿ ನಾನೇ ವೈರಿಂಗ್ ಮಾಡಿದ್ದ ಜೀಪು ಆಗುಂಬೆ ಘಾಟಿಯಲ್ಲಿ ನಿಂತುಬಿಟ್ಟಿತು. ಕನೆಕ್ಟರ್ ಬಿಚ್ಚಿದರೆ ಪಿನ್ನಿನ ಮೇಲೆ ಹಸಿರು ಕಿಲುಬು. ಮಳೆನೀರು ವೈರಿನ ಗುಂಟ ಹರಿದು ಒಳಗೆ ಇಳಿದಿತ್ತು. ಅವತ್ತಿನಿಂದ ಕನೆಕ್ಟರ್‌ಗಿಂತ ಮೊದಲು ವೈರನ್ನು ಜೋಕಾಲಿ ಹಾಗೆ ಕೆಳಗೆ ಬಾಗಿಸಿ ಕಟ್ಟುತ್ತೇನೆ. ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತೆ. ರೇಸ್ ಕಾರಿಗೂ ಹೀಗೇ ಮಾಡಿ. ಮಳೆ ಎಲ್ಲಾ ಕಡೆ ಒಂದೇ ಅಲ್ವಾ?

ಕೊನೆಗೆ, 24 ಗಂಟೆ ರೇಸಿಗೆ ಕಟ್ಟಿದ ಕಾರನ್ನು ಟ್ರ್ಯಾಕ್‌ನಲ್ಲಿ 30 ಗಂಟೆ ಓಡಿಸಿ ನೋಡಿ. ಯಾವ ಭಾಗ ಎಷ್ಟು ಗಂಟೆ ಬಾಳಿತು ಅಂತ ಪುಸ್ತಕದಲ್ಲಿ ಬರೆದಿಡಿ. ಕೀಲಿಯ ಜೊತೆ ಆ ಪುಸ್ತಕವನ್ನೂ ಗಿರಾಕಿ ಕೈಗೆ ಕೊಡಿ.