ಮಧ್ಯದ ಪ್ಲಗ್ ಬಿಚ್ಚಲು ಎರಡು ದಿನ

ನಮ್ಮ ಕಾಕಾ ಅವರ ಹತ್ತಿರ ಹಳೆಯ ಮಾರುತಿ 800 ಇದೆ. ಕಾರ್ಬೊರೇಟರ್ ಗಾಡಿ, 796 ಸಿಸಿ, ಮೂರು ಸಿಲಿಂಡರ್. ಖಾನಾಪುರದ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಎರಡು ಮಳೆಗಾಲ ನಿಂತೇ ಇತ್ತು. ಖಾನಾಪುರದ ಮಳೆ ಗೊತ್ತಲ್ವಾ, ಜೂನ್‌ನಲ್ಲಿ ಹಿಡಿದರೆ ಗಣಪತಿ ಹಬ್ಬದ ತನಕ ಹಗ್ಗದ ಮೇಲಿನ ಬಟ್ಟೆ ಒಣಗುವುದಿಲ್ಲ. ದೀಪಾವಳಿಗೆ ಮುಂಚೆ ಕಾಕಾ ಗಾಡಿಯನ್ನು ಹೇಗೋ ಚಾಲೂ ಮಾಡಿ ಬೆಳಗಾವಿಯ ನಮ್ಮ ಮನೆಗೆ ತಂದರು. ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿತ್ತು. ಏರು ಬಂದರೆ ಪಿಕಪ್ಪೇ ಇಲ್ಲ.

ನಾನು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಮಷಿನ್ ಶಾಪ್‌ನಲ್ಲಿ ಕೆಲಸ ಮಾಡುತ್ತೇನೆ. ಕಾರ್ ಮೆಕ್ಯಾನಿಕ್ ಅಲ್ಲ, ಆದರೆ ಥ್ರೆಡ್ (ಸ್ಕ್ರೂವಿನ ಸುರುಳಿ ಗೆರೆ) ಹಾಕುವುದು, ಹಾಳಾದ ಥ್ರೆಡ್ ಸರಿ ಮಾಡುವುದು ನನ್ನ ದಿನದ ಕೆಲಸ. ಸಿಲಿಂಡರಿನಲ್ಲಿ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಕೆಟ್ಟರೂ ಎಂಜಿನ್ ಹೀಗೆ ಮಿಸ್ಸಿಂಗ್ ಹೊಡೆಯುತ್ತದೆ. ಸಿಲಿಂಡರಿಗೊಂದು ಪ್ಲಗ್, ಬದಲಿಸುವುದು ಹತ್ತು ನಿಮಿಷದ ಮಾತು ಅಂತ ಶುರು ಮಾಡಿದೆ. ಆಚೀಚೆಯ ಎರಡು ಪ್ಲಗ್ ಸಲೀಸಾಗಿ ಬಂದವು. ಮಧ್ಯದ್ದು ಜಪ್ಪಯ್ಯ ಅನ್ನಲಿಲ್ಲ. ಪ್ಲಗ್ ಪಾನಾದ ಟಾಮಿಯೇ (ಅಡ್ಡ ಸಲಾಕೆ) ಬಾಗಲು ಶುರುವಾಯಿತು.

ಕಾಕಾ ಹಿಂದೆ ನಿಂತು, "ತಮ್ಮಾ, ಪೈಪ್ ಹಾಕಿ ಜೋರ್ ಹಚ್ಚು, ಬರ್ತೈತಿ" ಅಂದರು.

"ಬ್ಯಾಡ್ರಿ ಕಾಕಾ. ಪ್ಲಗ್ ಹೋದ್ರ ಹೊಸಾದು ಬರ್ತೈತಿ, ಹೆಡ್ಡಿನ ಥ್ರೆಡ್ ಹೋದ್ರ ಏನ್ ಮಾಡೂಣು?"

ಹೆಡ್ ಅಂದರೆ ಸಿಲಿಂಡರ್‌ಗಳ ಮೇಲಿನ ಮುಚ್ಚಳ, ಪ್ಲಗ್ ಕೂರುವುದು ಅದರಲ್ಲೇ. ಪೈಪ್ ಹಾಕಿ ಎಳೆದರೆ ಏನಾಗುತ್ತದೆ ಅಂತ ನಮ್ಮ ಶಾಪ್‌ಗೆ ಬರುವ ಹೆಡ್‌ಗಳಲ್ಲಿ ಬೇಕಾದಷ್ಟು ಸಲ ನೋಡಿದ್ದೇನೆ. ಪ್ಲಗ್ಗಿನ ಮೈ ಉಕ್ಕು. ಹೆಡ್ ಅಲ್ಯೂಮಿನಿಯಂ. ಎರಡರ ನಡುವೆ ತೇವ ಕೂತರೆ ಅಲ್ಯೂಮಿನಿಯಂ ಕರಗಿ ಬಿಳಿ ಪುಡಿಯಾಗುತ್ತದೆ. ಆ ಪುಡಿ ಥ್ರೆಡ್ಡಿನ ಸಂದಿಯಲ್ಲಿ ಉಬ್ಬಿ ಪ್ಲಗ್ ಹಿಡಿದುಕೊಳ್ಳುತ್ತದೆ. ಇನ್ನು ಸಿಲಿಂಡರ್ ಕಡೆಯ ತುದಿಯಲ್ಲಿ ಕಾರ್ಬನ್ ಕಲ್ಲಿನ ಹಾಗೆ ಗಟ್ಟಿಯಾಗಿರುತ್ತದೆ. ಆಗ ಒಂದೇ ಸಮ ಜೋರು ಹಾಕಿದರೆ ಮೆತ್ತಗಿನ ಲೋಹ ಸೋಲುತ್ತದೆ. ಪ್ಲಗ್ಗಿನ ಜೊತೆ ಹೆಡ್ಡಿನ ಥ್ರೆಡ್ ಸುರುಳಿ ಸುರುಳಿಯಾಗಿ ಕಿತ್ತು ಬರುತ್ತದೆ. ಇಲ್ಲವೇ ಪ್ಲಗ್ ಅರ್ಧಕ್ಕೆ ಮುರಿದು, ಕೆಳಗಿನ ತುಂಡು ಒಳಗೇ ಉಳಿಯುತ್ತದೆ.

ಅದಕ್ಕೆ ಅವತ್ತು ಪಾನಾ ಕೆಳಗಿಟ್ಟೆ. ಮೊದಲು ಪ್ಲಗ್ಗಿನ ಸುತ್ತಲಿನ ಧೂಳು ತೆಗೆದೆ. ಈ ಕೆಲಸ ಬಿಡಲೇಬಾರದು. ಪ್ಲಗ್ ಎದ್ದ ಕೂಡಲೇ ಅಲ್ಲಿನ ಮಣ್ಣು ನೇರ ಸಿಲಿಂಡರ್ ಒಳಗೆ ಬೀಳುತ್ತದೆ. ಹಳೆಯ ಟೂತ್‌ಬ್ರಷ್‌ನಿಂದ ತಿಕ್ಕಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದೆ. ಬಿಚ್ಚಿದ ಎರಡು ತೂತಿಗೆ ಬಟ್ಟೆ ಉಂಡೆ ಇಟ್ಟಿದ್ದೆ. ಆಮೇಲೆ ಪ್ಲಗ್ಗಿನ ಬುಡಕ್ಕೆ, ವಾಷರ್ ಕೂತ ಜಾಗಕ್ಕೆ, ಜಂಗು ಬಿಡಿಸುವ ಎಣ್ಣೆ ಸಿಂಪಡಿಸಿದೆ. ಡಬ್ಲ್ಯೂಡಿ-40 ಇದ್ದರೂ ನಡೆಯುತ್ತದೆ. ಸಿಂಪಡಿಸಿ ಹತ್ತು ನಿಮಿಷಕ್ಕೆ ಪಾನಾ ಹಿಡಿದರೆ ಪ್ರಯೋಜನ ಇಲ್ಲ. ವಾಷರ್ ದಾಟಿ ಕೂದಲೆಳೆಯಷ್ಟು ಸಂದಿಯಲ್ಲಿ ಎಣ್ಣೆ ಇಳಿಯಬೇಕು. ಸಂಜೆ ಎರಡು ಸಲ, ಮಲಗುವ ಮುಂಚೆ ಒಂದು ಸಲ ಹಾಕಿ ಬಿಟ್ಟೆ.

ಮರುದಿನ ಬೆಳಿಗ್ಗೆ ಪ್ಲಗ್ ಪಾನಾ ಬಿಟ್ಟು ಆರು ಮೂಲೆಯ ಉದ್ದ ಸಾಕೆಟ್ ತಗೊಂಡೆ. ಹನ್ನೆರಡು ಮೂಲೆಯದ್ದಾದರೆ ಜಾರಿ ಮೂಲೆ ತಿನ್ನುತ್ತದೆ. ಸಾಕೆಟ್ ಪೂರ್ತಿ ಕೂರಬೇಕು, ನೆಟ್ಟಗಿರಬೇಕು. ಸ್ವಲ್ಪ ವಾಲಿದರೂ ಬಿಳಿ ಪಿಂಗಾಣಿ ಚಟ್ ಅಂತ ಒಡೆಯುತ್ತದೆ. ಎಡಗೈಯಿಂದ ಸಾಕೆಟ್ ತಲೆ ಒತ್ತಿ ಹಿಡಿದು, ಬಲಗೈಯಿಂದ ಹಿಡಿಕೆ ಎಳೆದೆ. ಮೊದಲು ಬಿಚ್ಚುವ ಕಡೆಗೆ ಅಲ್ಲ, ಬಿಗಿಯುವ ಕಡೆಗೆ, ಕೂದಲಷ್ಟು. ಒಳಗಿನ ಪುಡಿಯ ಹಿಡಿತ ಒಡೆಯಲು ಇದು ಸಾಕಾಗುತ್ತದೆ. ಆಮೇಲೆ ಬಿಚ್ಚುವ ಕಡೆಗೆ. "ಕೀಂ" ಅಂತ ಸದ್ದು ಬಂತು, ಎಂಟನೇ ಒಂದು ಸುತ್ತು ತಿರುಗಿತು.

ಹುರುಪಿನಲ್ಲಿ ಮುಂದೆ ಎಳೆಯಬೇಕು ಅನ್ನಿಸುವುದು ಇಲ್ಲೇ. ಬೇಡ. ಆ ಸದ್ದು ಒಣ ಲೋಹ ಒಂದಕ್ಕೊಂದು ಹೆರೆಯುವ ಸದ್ದು. ನಾನು ಅಲ್ಲೇ ನಿಲ್ಲಿಸಿ, ವಾಪಸ್ ಬಿಗಿದು, ಮತ್ತೆ ಎಣ್ಣೆ ಹಾಕಿದೆ.

ಆಮೇಲೆ ಸ್ವಲ್ಪ ಬಿಸಿಯ ಸಹಾಯ ತಗೊಂಡೆ. ಸುರಿದ ಎಣ್ಣೆಯನ್ನೆಲ್ಲ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಬಟ್ಟೆ ಉಂಡೆ ತೆಗೆದು ಉಳಿದೆರಡು ಪ್ಲಗ್ ಹಾಕಿ, ಎಂಜಿನ್ ಕೆಲವು ನಿಮಿಷ ಓಡಿಸಿದೆ. ಅಲ್ಯೂಮಿನಿಯಂ ಬಿಸಿಗೆ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹೆಡ್ ಬೆಚ್ಚಗಾದರೆ ತೂತು ಪ್ಲಗ್ಗಿಗಿಂತ ತುಸು ಜಾಸ್ತಿ ಅಗಲವಾಗುತ್ತದೆ. ಆದರೆ ಕಾದು ಸುಡುವ ಎಂಜಿನ್‌ಗೆ ಕೈ ಹಾಕಬೇಡಿ. ಆಗ ಅಲ್ಯೂಮಿನಿಯಂ ಇನ್ನೂ ಮೆತ್ತಗಿದ್ದು, ಥ್ರೆಡ್ ಬೇಗ ಹರಿಯುತ್ತದೆ. ಹೆಡ್ ಮೇಲೆ ಅಂಗೈ ಇಟ್ಟರೆ ಬಿಸಿ ತಿಳಿಯಬೇಕು, ಕೈ ತೆಗೆಯುವ ಹಾಗಿರಬಾರದು. ಅಷ್ಟು ಆರುವ ತನಕ ಕಾದೆ. ಎಕ್ಸಾಸ್ಟ್ ಪೈಪ್ ಕಾದಿರುವಾಗ ಅದರ ಮೇಲೆ ಎಣ್ಣೆ ಬಿದ್ದರೆ ಬೆಂಕಿ ಹತ್ತಬಹುದು, ಅದೂ ನೆನಪಿರಲಿ.

ಆ ಮೇಲಿನದ್ದು ಕೈಯ ಕೆಲಸ. ಕಾಲು ಸುತ್ತು ಹೊರಗೆ, ಅದರ ಅರ್ಧದಷ್ಟು ಒಳಗೆ. ಎರಡು ಹನಿ ಎಣ್ಣೆ. ಮತ್ತೆ ಕಾಲು ಸುತ್ತು. ಒಳಗೆ ತಿರುಗಿಸಿದಾಗ ಪುಡಿ ಸರಿದು ಎಣ್ಣೆಗೆ ದಾರಿಯಾಗುತ್ತದೆ. ಹಿಡಿಕೆ ಬಿಗಿಯಾಯಿತು ಅನ್ನಿಸಿದ ಕೂಡಲೇ ವಾಪಸ್ ಹೋಗಬೇಕು, ಎಷ್ಟು ಸಲವಾದರೂ ಸರಿ. ಈ ಪ್ಲಗ್ಗಿನ ಥ್ರೆಡ್ ಉದ್ದ 19 ಮಿ.ಮೀ, ಒಂದು ಸುತ್ತಿಗೆ 1.25 ಮಿ.ಮೀ. ಅಂದರೆ ಹೊರಬರಲು ಸುಮಾರು 15 ಸುತ್ತು. ನನಗೆ ಮುಕ್ಕಾಲು ಗಂಟೆ ಹಿಡಿಯಿತು. ನಡುವೆ ಕಾಕಿ ಚಹಾ ತಂದರು, ಅದನ್ನೂ ಕುಡಿದು ಎಣ್ಣೆಗೆ ಇನ್ನಷ್ಟು ಸಮಯ ಕೊಟ್ಟೆ.

ಹೊರಬಂದ ಪ್ಲಗ್ ನೋಡಿದ ಮೇಲೆ ಎಲ್ಲ ತಿಳಿಯಿತು. ವಾಷರ್ ಕಾಗದದ ಹಾಗೆ ಚಪ್ಪಟೆ. ಹಿಂದೆ ಯಾರೋ ಪೂರ್ತಿ ಬಲ ಹಾಕಿ ಬಿಗಿದಿದ್ದಾರೆ. ಮೇಲಿನ ಥ್ರೆಡ್‌ಗಳಲ್ಲಿ ಬಿಳಿ ಪುಡಿ, ಕೆಳಗಿನ ಮೂರರಲ್ಲಿ ಕಪ್ಪು ಕಾರ್ಬನ್. ಒಂದು ಕಡೆ ಮಾತ್ರ ಹೊಳೆಯುವ ಅಲ್ಯೂಮಿನಿಯಂ ಚೂರು ಅಂಟಿತ್ತು. ಎದೆ ಧಸಕ್ ಅಂದಿತು. ಟಾರ್ಚ್ ಬಿಟ್ಟು ಹೆಡ್ ನೋಡಿದೆ. ಥ್ರೆಡ್ ಉಳಿದಿತ್ತು.

ಸ್ವಚ್ಛ ಮಾಡಲು 14 ಮಿ.ಮೀ, 1.25 ಪಿಚ್‌ನ ಥ್ರೆಡ್ ಚೇಸರ್ (ಇರುವ ಥ್ರೆಡ್ಡನ್ನೇ ಸ್ವಚ್ಛ ಮಾಡುವ ಸಾಧನ) ಬಳಸಿದೆ. ಹೊಸ ಥ್ರೆಡ್ ಹಾಕುವ ಟ್ಯಾಪ್ ಇಲ್ಲಿ ಬೇಡ, ಅದು ಒಳ್ಳೆಯ ಲೋಹವನ್ನೂ ಕೊರೆಯುತ್ತದೆ. ಚೇಸರ್‌ನ ಹಲ್ಲುಗಳ ಸಂದಿಗೆ ಗ್ರೀಸ್ ತುಂಬಿದರೆ ಚೂರುಗಳು ಅದಕ್ಕೇ ಅಂಟಿ ಹೊರಬರುತ್ತವೆ. ಎರಡೆರಡು ಸುತ್ತಿಗೆ ತೆಗೆದು ಒರೆಸಿ, ಹೊಸ ಗ್ರೀಸ್ ಹಚ್ಚಿದೆ. ಕೊನೆಗೆ ಮೂರೂ ಪ್ಲಗ್ ಇಲ್ಲದೆ, ಕಿಡಿಗೆ ಕರೆಂಟ್ ಕೊಡುವ ಕಾಯಿಲ್‌ನ ವೈರ್ ತೆಗೆದು, ತೂತುಗಳ ಮೇಲೆ ಬಟ್ಟೆ ಮುಚ್ಚಿ ಎರಡು ಸಲ ಸೆಲ್ಫ್ ಹೊಡೆದೆ. ಒಳಗಿಳಿದ ಎಣ್ಣೆ, ಉಳಿದ ಚೂರು ಬಟ್ಟೆಗೆ ಬಂದವು.

ಥ್ರೆಡ್ ಹೋಗಿದ್ದರೂ ಗಾಬರಿಯಾಗಬೇಕಿಲ್ಲ. ತೂತು ದೊಡ್ಡದು ಮಾಡಿ ಹೆಲಿಕಾಯಿಲ್ (ಹೊಸ ಥ್ರೆಡ್ ಆಗುವ ಉಕ್ಕಿನ ತಂತಿ ಸುರುಳಿ) ಕೂರಿಸಿದರೆ ಮೊದಲಿನಷ್ಟೇ ಗಟ್ಟಿ. ಉದ್ಯಮಬಾಗದಲ್ಲಿ ಈ ಕೆಲಸ ಬಲ್ಲ ಕೈಗಳು ಬಹಳ ಇವೆ. ಮುರಿದ ತುಂಡು ಒಳಗೆ ಉಳಿದರೆ ಮಾತ್ರ ಮನೆಯಲ್ಲಿ ಪ್ರಯೋಗ ಬೇಡ, ಅಂಥವರ ಹತ್ತಿರವೇ ಒಯ್ಯಿರಿ.

ಹೊಸ ಪ್ಲಗ್‌ಗಳನ್ನು ಪಾನಾದಿಂದ ಶುರು ಮಾಡಲಿಲ್ಲ. ಪೆಟ್ರೋಲ್ ರಬ್ಬರ್ ಪೈಪಿನ ಗೇಣುದ್ದ ತುಂಡನ್ನು ಪ್ಲಗ್ಗಿನ ತಲೆಗೆ ಸಿಕ್ಕಿಸಿ ತಿರುಗಿಸಿದೆ. ಥ್ರೆಡ್ ಅಡ್ಡ ಹತ್ತಿದರೆ ಪೈಪ್ ಜಾರುತ್ತದೆ, ಹೆಡ್ ಉಳಿಯುತ್ತದೆ. ಕೈಗೆ ಪೂರ್ತಿ ಕೂತ ಮೇಲೆ ಪಾನಾದಿಂದ ಅರ್ಧ ಸುತ್ತು. ಹೊಸ ವಾಷರ್ ಅಮುಕಲು ಅಷ್ಟು ಸಾಕು. ಟಾರ್ಕ್ ಪಾನಾ ಇದ್ದವರು 25 ನ್ಯೂಟನ್ ಮೀಟರ್ ಆಸುಪಾಸು ಇಡಬಹುದು. ಥ್ರೆಡ್‌ಗೆ ಗ್ರೀಸ್ ಹಚ್ಚಲಿಲ್ಲ. ಈಗಿನ ಹೆಚ್ಚಿನ ಪ್ಲಗ್‌ಗಳಿಗೆ ಮೇಲೆ ಜಂಗು ತಡೆಯುವ ಲೇಪ ಇರುತ್ತದೆ. ಗ್ರೀಸ್ ಹಚ್ಚಿದರೆ ಜಾರಿಕೆ ಜಾಸ್ತಿಯಾಗಿ, ನಮಗೆ ಗೊತ್ತಾಗದಂತೆ ಹೆಚ್ಚು ಬಿಗಿಯಾಗುತ್ತದೆ.

ಯುಗಾದಿಗೆ ಖಾನಾಪುರಕ್ಕೆ ಹೋದಾಗ ಮಧ್ಯದ ಪ್ಲಗ್ ಮತ್ತೆ ಬಿಚ್ಚಿ ನೋಡಿದೆ. ಸಣ್ಣ ಪಾನಾಕ್ಕೆ ಒಂದೇ ಕೈಯಲ್ಲಿ ಬಂತು. ತುದಿ ಬಿಸ್ಕಿಟ್ ಬಣ್ಣಕ್ಕೆ ತಿರುಗಿತ್ತು, ಥ್ರೆಡ್ ಸ್ವಚ್ಛ ಇತ್ತು. ಕಾಕಾ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ತಾವೇ ರಬ್ಬರ್ ಪೈಪ್ ಸಿಕ್ಕಿಸಿ ವಾಪಸ್ ಕೂರಿಸಿದರು.